ಕೇಳಿಸದ ಕೂಸಿಗೆ ಮಾತು: ಬಾಯಿಂದಲೋ, ಕೈಯಿಂದಲೋ?

ಕಳೆದ ತಿಂಗಳು ಒಂದು ಸಂಜೆ ಅಂಕೋಲೆಯ ಒಂದು ಕುಟುಂಬ ಕಾರವಾರದ ನಮ್ಮ ಕಛೇರಿಗೆ ಬಂದಿತ್ತು. ಗಂಡ ಗಿರಣಿಯ ಕೆಲಸಗಾರ; ಹೆಂಡತಿ ತನ್ನ ತಂದೆಯ ಕಿರಾಣಿ ಅಂಗಡಿಯಲ್ಲಿ ಅರ್ಧ ದಿನ ಕೂತು ವ್ಯಾಪಾರ ನೋಡುವವರು; ಸಂಗಡ ಆ ಅಂಗಡಿಯ ಅಜ್ಜನೂ ಇದ್ದರು. ರೇಶನ್ ಕಾರ್ಡಿನ ತಕರಾರೋ ಬೋನಸ್ಸಿನ ಜಗಳವೋ ಇರಬೇಕೆಂದು ನಾವು ಕಾಗದ ಪೆನ್ನು ಮುಂದಿಟ್ಟುಕೊಂಡೆವು. ಅವರು ತಂದದ್ದು ಬೇರೆಯೇ ಪ್ರಶ್ನೆ. ತಾಯಿಯ ತೊಡೆಯ ಮೇಲೆ ಎರಡೂವರೆ ವರ್ಷದ ಹುಡುಗಿ. ಹೊರಗೆ ರಸ್ತೆಯಲ್ಲಿ ಲಾರಿಯವನು ಹಾರ್ನು ಹೊಡೆದರೂ ತಿರುಗಿ ನೋಡಲಿಲ್ಲ. ಆದರೆ ನಮ್ಮ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಎರಡೂ ಕೈಯ ಬೆರಳುಗಳನ್ನು ದುಂಡಗೆ ಮಾಡಿ ಕಣ್ಣಿಗಿಟ್ಟುಕೊಂಡು ನಮ್ಮ ಕನ್ನಡಕವನ್ನು ಅಣಕಿಸಿತು. ಅಲ್ಲಿದ್ದವರೆಲ್ಲ ನಕ್ಕರು, ತಾಯಿ ಮಾತ್ರ ಕೂಸಿನ ಕೈ ಹಿಡಿದು ಕೆಳಗೆ ತಂದರು.

ಏಕೆಂದು ಕೇಳಿದೆವು. ಒಂದು ದವಾಖಾನೆಯಲ್ಲಿ ಹಾಗೆ ಹೇಳಿ ಕಳಿಸಿದ್ದಾರಂತೆ: “ಕೈಸನ್ನೆಗೆ ಬಿಡಬೇಡಿ, ಅದರ ರೂಢಿಯಾದರೆ ಬಾಯಿ ಬರುವುದಿಲ್ಲ.” ನೆರೆಯವರು ಕಿವುಡರ ಶಾಲೆಗೆ ಕಳಿಸಿಬಿಡಿ ಎನ್ನುತ್ತಾರೆ. ಮತ್ತೊಬ್ಬರು ತಲೆಯೊಳಗೆ ಯಂತ್ರ ಕೂಡಿಸುವ ಆಪರೇಶನ್ ಆದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಅಜ್ಜನ ಚಿಂತೆ ಬೇರೆ: ಮೊಮ್ಮಗಳು ಅಂಗಡಿಯ ಕಟ್ಟೆಯ ಮೇಲೆ ಕೈ ಬೀಸಿ ಮಾತಾಡಿದರೆ ಪೇಟೆಯವರು ನಗುತ್ತಾರೆ. ತಾಯಿಯದು ಒಂದೇ ಮಾತು: “ಮಾಸ್ತರೇ, ಒಂದು ಸಲ ಬಾಯ್ತುಂಬ ಆಯಿ ಅಂದುಬಿಟ್ಟರೆ ಸಾಕು ನನಗೆ. ಯಾವ ದಾರಿ ಹಿಡೀಬೇಕು ಹೇಳಿ.”

ನಾವು ವೈದ್ಯರಲ್ಲ. ಆದರೆ ಪಕ್ಷದ ಕೆಲಸಕ್ಕೆ ಬರುವ ಮೊದಲು ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ಈ ವಿಷಯದಲ್ಲಿ ನಮ್ಮ ತಲೆಯ ಮೇಲೆ ಒಂದು ಹಳೆಯ ಸಾಲ ಇದೆ. ನಮ್ಮ ಮೂರನೆಯ ಇಯತ್ತೆಯಲ್ಲಿ ಮೀನುಗಾರರ ಮನೆಯ ಒಬ್ಬ ಹುಡುಗನಿದ್ದ. ಕಿವಿ ಪೂರ್ತಿ ಕೇಳದು. ಹಲಗೆಯ ಮೇಲೆ ಬರೆದದ್ದನ್ನು ಮುತ್ತು ಪೋಣಿಸಿದ ಹಾಗೆ ನಕಲು ಮಾಡುತ್ತಿದ್ದ. ಅರ್ಥ ಮಾತ್ರ ಒಂದಕ್ಷರದ್ದೂ ಗೊತ್ತಿಲ್ಲ. ಅಕ್ಷರ ಚೆನ್ನಾಗಿದೆಯೆಂದು ಬೆನ್ನು ತಟ್ಟಿ ನಾವು ಅವನನ್ನು ಮುಂದಿನ ಇಯತ್ತೆಗೆ ದಾಟಿಸಿದೆವು. ಒಂದು ಮಳೆಗಾಲದ ಆರಂಭದಲ್ಲಿ ಅವನು ದಿನವೂ ಶಾಲೆ ತಪ್ಪಿಸಿ ದಂಡೆಗೆ ಹೋಗಿ ಕೂಡತೊಡಗಿದ. ಕರೆತಂದು ಗದರಿಸಿದರೆ ದೋಣಿಯ ಆಕಾರ ತೋರಿಸುವನು, ಕೈ ಮುಳುಗಿಸುವನು, ಅಳುವನು. ನಮಗೆ ತಿಳಿಯಲಿಲ್ಲ. ಅವನ ಅಣ್ಣ ಗೋವೆಗೆ ಕೆಲಸಕ್ಕೆ ಹೋಗಿದ್ದ, ಅಷ್ಟೇ. ಮನೆಯವರಿಗೆಲ್ಲ ಗೊತ್ತು, ಆ ಹುಡುಗನಿಗೆ ಅದನ್ನು ತಿಳಿಸುವ ಭಾಷೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಣ್ಣನನ್ನು ಕಡಲು ನುಂಗಿತೆಂದು ಅವನು ನಂಬಿದ್ದ. ಚೌತಿಗೆ ಅಣ್ಣ ಊರಿಗೆ ಬಂದು ಬಾಗಿಲಲ್ಲಿ ನಿಂತ ದಿನ ಈ ಹುಡುಗ ಅವನನ್ನು ಮುಟ್ಟಿ ಮುಟ್ಟಿ ನೋಡಿದನಂತೆ. ಮೂರು ತಿಂಗಳು ಒಂಬತ್ತು ವರ್ಷದ ಮಗು ಬದುಕಿದ್ದ ಅಣ್ಣನಿಗಾಗಿ ಅತ್ತಿತು. ಅವನಿಗೆ ಕಿವಿ ಇಲ್ಲದ್ದು ಒಂದು ಕಷ್ಟ. ಆದರೆ ಈ ಮೂರು ತಿಂಗಳ ದುಃಖ ಕಿವಿಯಿಂದ ಬಂದದ್ದಲ್ಲ, ಸುತ್ತಲಿನವರಾದ ನಮ್ಮಿಂದ ಬಂದದ್ದು.

ಆದ್ದರಿಂದ ಬಾಯಿಯೋ ಕೈಯೋ ಎಂದು ಯಾರಾದರೂ ಕೇಳಿದರೆ ನಮ್ಮ ಕಣ್ಣ ಮುಂದೆ ಬರುವುದು ಆ ದಂಡೆ.

ಮೊದಲು ಒಂದು ಶಬ್ದದ ವಿಷಯ. ಇಂಥ ಮಕ್ಕಳನ್ನು ನಮ್ಮ ಕಡೆ ಈಗಲೂ ‘ಮೂಕ’ ಎಂದುಬಿಡುತ್ತಾರೆ. ಇದು ತಪ್ಪು. ಕಿವುಡು ಮಗುವಿನ ಗಂಟಲು ಸಾಮಾನ್ಯವಾಗಿ ನಮ್ಮ ನಿಮ್ಮ ಗಂಟಲಿನಷ್ಟೇ ಗಟ್ಟಿ. ಮಗು ಮಾತು ಕಲಿಯುವುದು ಕೇಳಿ ಕೇಳಿ; ಕೇಳದ್ದರಿಂದ ಕಲಿತಿಲ್ಲ. ಹೀಗೆ ಹುಟ್ಟುವ ಹತ್ತು ಮಕ್ಕಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿಗಳು ಕಿವಿ ಚೆನ್ನಾಗಿ ಕೇಳುವವರೇ. ಅಂದರೆ ಮಗುವಿಗೆ ಬೇಕಾದ ಭಾಷೆ ಮನೆಯಲ್ಲಿರುವುದಿಲ್ಲ. ಮನೆಯ ಭಾಷೆ ಮಗುವಿಗೆ ತಲುಪುವುದಿಲ್ಲ. ಎಲ್ಲ ತೊಡಕು ಇಲ್ಲಿಂದಲೇ ಶುರು. 2011ರ ಜನಗಣತಿಯಲ್ಲಿ ಕಿವಿ ಕೇಳದವರೆಂದು ಬರೆಸಿದವರೇ ದೇಶದಲ್ಲಿ 50 ಲಕ್ಷ ಮಂದಿ. ಅವರ ಮನೆಗಳಲ್ಲೆಲ್ಲ ಈ ತೊಡಕು ಒಮ್ಮೆ ಬಂದು ಹೋಗಿರುವಂಥದೇ.

ಈಗ ದಾರಿಗಳು. ಒಂದು, ಕಿವಿಯ ಯಂತ್ರ ಕೊಟ್ಟು, ತುಟಿ ನೋಡಿಸಿ, ಗಂಟಲು ಮುಟ್ಟಿಸಿ ಬಾಯಿಮಾತನ್ನೇ ಕಲಿಸುವುದು. ಇನ್ನೊಂದು, ಸನ್ನೆ ಭಾಷೆ. ಮೊದಲನೆಯದಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ನೆಲೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾನಸಗಂಗೋತ್ರಿಯ ಆ ಆವರಣದಲ್ಲಿ ತಾಯಂದಿರು ಮಕ್ಕಳ ಪಕ್ಕದಲ್ಲೇ ಕೂತು, ತಾವೂ ಪಾಠ ಕಲಿತು ಮಗುವಿಗೆ ಕಲಿಸುತ್ತಾರೆ. ಅಲ್ಲಿಂದ ಬಂದು ಸಾಮಾನ್ಯ ಶಾಲೆಯಲ್ಲಿ ಓದಿ, ಎದುರು ಕೂತು ಸ್ಪಷ್ಟವಾಗಿ ಮಾತಾಡುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ತಾಯಂದಿರ ದುಡಿಮೆಯನ್ನು ಹಗುರವಾಗಿ ಕಾಣುವವರು ನಾವಲ್ಲ. ಅರೆಬರೆ ಕೇಳುವ ಮಗುವಿಗೆ ಒಳ್ಳೆಯ ಯಂತ್ರ ಬೇಗ ಸಿಕ್ಕರೆ ಈ ದಾರಿ ಸಲೀಸು.

ಪೂರ್ತಿ ಕೇಳದ ಮಗುವಿನ ಗತಿ ಬೇರೆ. ಬರೇ ತುಟಿ ನೋಡಿ ಮಾತು ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ನೀವೇ ಪರೀಕ್ಷಿಸಬಹುದು. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ‘ಪಾಲು’ ಎನ್ನಿ, ಆಮೇಲೆ ‘ಮಾಲು’ ಎನ್ನಿ. ತುಟಿ ಎರಡಕ್ಕೂ ಒಂದೇ ರೀತಿ ಕೂಡಿ ಬಿಡುತ್ತದೆ. ‘ಬಲೆ’ ಎಂದರೂ ‘ಮಲೆ’ ಎಂದರೂ ಅದೇ. ಕ, ಗ ಎಂಬ ಅಕ್ಷರಗಳಂತೂ ಗಂಟಲ ಹತ್ತಿರ ಹುಟ್ಟುವುದರಿಂದ ತುಟಿಗೆ ಬರುವುದೇ ಇಲ್ಲ. ಭಾಷೆ ಮೊದಲೇ ಬಲ್ಲವನು ಸಂದರ್ಭ ನೋಡಿ ಊಹಿಸಿಯಾನು. ಭಾಷೆಯನ್ನೇ ಇನ್ನೂ ಕಾಣದ ಕೂಸು ಯಾವ ಬಲದಿಂದ ಊಹಿಸಬೇಕು?

ಕಾರವಾರದಲ್ಲಿ ಇದಕ್ಕೆ ಇನ್ನೊಂದು ಗಂಟಿದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಕೇಳುವ ಮಕ್ಕಳು ಎರಡನ್ನೂ ಆಟವಾಡುತ್ತ ಕಲಿಯುತ್ತಾರೆ, ಮೀನು ಪೇಟೆಯಲ್ಲಿ ಮೂರನೆಯದನ್ನೂ ಕಲಿಯುತ್ತಾರೆ. ಆದರೆ ಬಾಯಿಮಾತಿನ ತರಬೇತಿಗೆ ಹೋದ ಮಗುವಿನ ತಾಯಿಗೆ, ಒಂದೇ ಭಾಷೆ ಹಿಡಿಯಿರಿ, ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ ಎಂಬ ಸಲಹೆ ಬರುವುದುಂಟು. ತಾಯಿ ತನ್ನ ಕೂಸಿಗೆ ತನ್ನ ಮಾತೃಭಾಷೆಯಲ್ಲಿ ಜೋಗುಳ ಹಾಡುವುದನ್ನೂ ಬಿಡಬೇಕು. ಕಾರವಾರ ಯಾವ ಭಾಷೆಯದೆಂದು ಆಯೋಗ ಕೂತು, 1967ರಲ್ಲಿ ಮಹಾಜನ ವರದಿ ಬಂದು, ನಮ್ಮ ಹಿರಿಯರು ಎರಡೂ ಕಡೆಯಿಂದ ಗಂಟಲು ಹರಿದುಕೊಂಡರು. ಆ ಗದ್ದಲದಲ್ಲಿ ಈ ಮಕ್ಕಳ ಭಾಷೆ ಯಾವುದೆಂದು ಯಾರಿಗೂ ಕೇಳಬೇಕೆನ್ನಿಸಲಿಲ್ಲ.

ಕೈಯನ್ನು ಕಟ್ಟಿಹಾಕುವ ಈ ವಿಚಾರ ಎಲ್ಲಿಂದ ಬಂತು? ವಿಜ್ಞಾನ ಶೋಧಿಸಿ ಕೊಟ್ಟದ್ದೆಂದು ಹಲವರು ತಿಳಿದಿದ್ದಾರೆ; ಅಲ್ಲ, ಒಂದು ಸಭೆಯ ಠರಾವಿನಿಂದ ಬಂತು. ಹದಿನೆಂಟನೆಯ ಶತಮಾನದಲ್ಲೇ ಪ್ಯಾರಿಸಿನಲ್ಲಿ ಲೆಪೆ ಎಂಬ ಪಾದ್ರಿ ಬಡವರ ಕಿವುಡು ಮಕ್ಕಳನ್ನು ಕೂಡಿಸಿ, ಅವರ ಸನ್ನೆಗಳನ್ನೇ ಹಿಡಿದು ಓದುಬರೆಹ ಕಲಿಸಿದ್ದ. ಆ ದಾರಿ ಹಲವು ದೇಶಗಳಿಗೆ ಹಬ್ಬಿತು. ಕಿವುಡರೇ ಕಿವುಡರಿಗೆ ಮಾಸ್ತರರಾದರು. ಆಮೇಲೆ 1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಭೆ ಕೂಡಿ, ಸನ್ನೆಗಿಂತ ಬಾಯಿಮಾತೇ ಶ್ರೇಷ್ಠ, ಶಾಲೆಗಳಲ್ಲಿ ಅದನ್ನೇ ನಡೆಸತಕ್ಕದ್ದು ಎಂದು ಗೊತ್ತುಮಾಡಿತು. ನೂರರವತ್ತಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಸ್ವತಃ ಕಿವುಡನಾದವನು ಒಬ್ಬನೇ! ಗಿರಣಿಯ ಕೂಲಿದರವನ್ನು ಮಾಲಕರೇ ಕೂತು ಗೊತ್ತುಮಾಡಿ, ಮೂಲೆಯಲ್ಲಿ ಒಬ್ಬ ಕೆಲಸಗಾರನಿಗೆ ಕುರ್ಚಿ ಹಾಕಿಸಿದಂತಾಯಿತು. ಠರಾವಿನ ಬೆನ್ನಿಗೆ ಕಿವುಡ ಮಾಸ್ತರರು ಕೆಲಸ ಕಳೆದುಕೊಂಡರು; ಮಕ್ಕಳು ಕೈಯೆತ್ತಿದರೆ ಪೆಟ್ಟು ತಿಂದರು. ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ಲನೂ ಈ ಪಂಗಡದ ದೊಡ್ಡ ವಕೀಲ. ಅವನ ತಾಯಿಯೂ ಕಿವುಡಿ, ಹೆಂಡತಿಯೂ ಕಿವುಡಿ. ಹತ್ತಿರವಿದ್ದವರಿಗೆ ತಿಳಿಯುತ್ತದೆಂಬುದು ಯಾವಾಗಲೂ ನಿಜವಲ್ಲ.

ನಮ್ಮ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. ಮುಂಬಯಿಯಲ್ಲಿ ಕಿವುಡರ ಶಾಲೆ ತೆರೆದದ್ದು 1885ರಲ್ಲಿ, ಅಂದರೆ ಮಿಲಾನ್ ಸಭೆ ಮುಗಿದ ಐದೇ ವರ್ಷಕ್ಕೆ. ಬಾಯಿಮಾತಿನ ಪದ್ಧತಿ ಹೀಗೆ ಹಡಗಿನಲ್ಲಿ ಇಳಿದ ಸರಕು. ಕೊನೆಗೆ 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ಅದೇ ಸಭೆಯ ಪರಂಪರೆಯವರು ಕೂಡಿ, ಮಿಲಾನಿನ ಠರಾವುಗಳನ್ನು ತಿರಸ್ಕರಿಸುತ್ತೇವೆ, ಅವುಗಳಿಂದಾದ ಹಾನಿಗೆ ವಿಷಾದಿಸುತ್ತೇವೆ ಎಂದು ಹೇಳಿದರು. ನೂರಾಮೂವತ್ತು ವರ್ಷ ಹಿಡಿಯಿತು. ಆ ವಿಷಾದದ ಸುದ್ದಿ ಅಂಕೋಲೆಯ ತಾಯಿ ಹೋದ ದವಾಖಾನೆಗೆ ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ.

ಸನ್ನೆ ಎಂದರೆ ಅರೆಭಾಷೆ, ಹಸಿವು ಬಾಯಾರಿಕೆ ಹೇಳಲಿಕ್ಕಷ್ಟೇ ಸಾಕು ಎಂಬ ತಿಳುವಳಿಕೆ ನಮ್ಮಲ್ಲೂ ಇತ್ತು. ದನದ ಜಾತ್ರೆಯಲ್ಲಿ ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ವ್ಯಾಪಾರಿಗಳು ಬಲ್ಲರು; ಮಗ್ಗಗಳ ಗದ್ದಲದಲ್ಲಿ ತುಟಿ ಕೈಗಳಿಂದಲೇ ಸುದ್ದಿ ಮುಟ್ಟಿಸುವುದನ್ನು ಗಿರಣಿಯವರು ಬಲ್ಲರು. ಆದರೆ ಇವೆಲ್ಲ ಸನ್ನೆಗಳೇ ಹೊರತು ಭಾಷೆಯಲ್ಲ. ಕಿವುಡರು ತಲೆಮಾರುಗಳಿಂದ ಆಡುತ್ತ ಬಂದದ್ದು ಪೂರಾ ಭಾಷೆ. ಅದಕ್ಕೆ ತನ್ನದೇ ವ್ಯಾಕರಣ ಇದೆ. ಅಮೆರಿಕದ ಸ್ಟೋಕೋ ಎಂಬ ಪ್ರಾಧ್ಯಾಪಕ 1960ರಲ್ಲಿ ಇದನ್ನು ಬರೆದು ತೋರಿಸಿದಾಗ ಸಹೋದ್ಯೋಗಿಗಳೇ ನಕ್ಕರಂತೆ. ಆ ಭಾಷೆಯಲ್ಲಿ ಕೈಯಷ್ಟೇ ಅಲ್ಲ, ಹುಬ್ಬು, ಗಲ್ಲ, ಭುಜ ಎಲ್ಲವೂ ಕೆಲಸ ಮಾಡುತ್ತವೆ. ನಿನ್ನೆ ನಾಳೆಗಳಿವೆ, ಹಾಸ್ಯ ಜಗಳಗಳಿವೆ. ಭಾರತದ ಸನ್ನೆ ಭಾಷೆಯನ್ನು 1970ರ ದಶಕದ ಕೊನೆಯಲ್ಲಿ ಸಂಶೋಧಕರು ದಿಲ್ಲಿ, ಮುಂಬಯಿ, ಕಲಕತ್ತೆ, ಬೆಂಗಳೂರುಗಳಲ್ಲಿ ಶೋಧಿಸಿದರು. ಶಬ್ದಗಳಲ್ಲಿ ಊರಿನಿಂದೂರಿಗೆ ಭೇದವಿದ್ದರೂ ವ್ಯಾಕರಣ ಒಂದೇ ಎಂದು ಕಂಡರು. ಹಾಲಕ್ಕಿ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವಂತೆ ಅನ್ನಿ.

ಮೀನುಗಾರರಿಗೆ ಒಂದು ಸುದ್ದಿ ಹೇಳಲೇಬೇಕು. ಅಮೆರಿಕದ ಮೂಡಣ ಕರಾವಳಿಯಲ್ಲಿ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪ ಇದೆ. ಕೃಷಿ, ಮೀನುಗಾರಿಕೆಯಿಂದ ಬದುಕಿದ ಜನ. ಹತ್ತಿರದ ಸಂಬಂಧಗಳಲ್ಲಿ ಮದುವೆಯಾಗಿ ಅಲ್ಲಿ ಕಿವುಡು ಹೆಚ್ಚು. ಒಂದು ಊರಿನಲ್ಲಿ 25 ಮಂದಿಗೆ ಒಬ್ಬರು ಕಿವುಡರಿದ್ದ ಕಾಲವಿತ್ತು. ಅಲ್ಲಿಯವರು ಏನು ಮಾಡಿದರು? ಊರಿಗೆ ಊರೇ ಸನ್ನೆ ಭಾಷೆ ಕಲಿಯಿತು. ಕಿವಿ ಕೇಳುವವರೂ ಒಂದು ದೋಣಿಯಿಂದ ಇನ್ನೊಂದಕ್ಕೆ, ಕೂಗು ಮುಟ್ಟದ ದೂರದಲ್ಲಿ, ಅದರಲ್ಲೇ ಮಾತಾಡಿಕೊಳ್ಳುತ್ತಿದ್ದರು. ಕಿವುಡರು ದುಡಿದರು, ಮದುವೆಯಾದರು, ಊರಿನ ಸಭೆಯಲ್ಲಿ ಕೂತರು. ಮುಂದೊಂದು ದಿನ ಸಂಶೋಧಕಿಯೊಬ್ಬಳು ಹೋಗಿ ವಿಚಾರಿಸಿದಾಗ ಮುದುಕರಿಗೆ ಯಾರು ಕಿವುಡರಿದ್ದರೆಂಬುದೇ ತಟ್ಟನೆ ನೆನಪಾಗುತ್ತಿರಲಿಲ್ಲವಂತೆ. ಬೈತಕೋಲದಲ್ಲಿ ಇದು ಆಗಲಾರದೆ?

ಮಕ್ಕಳಿಗೆ ಭಾಷೆ ಕೊಡದಿದ್ದರೆ ಅವರೇ ಕಟ್ಟಿಕೊಂಡದ್ದೂ ಉಂಟು. ನಿಕಾರಾಗುವಾ ದೇಶದಲ್ಲಿ 1970ರ ದಶಕದ ಕೊನೆಗೆ ಕಿವುಡು ಮಕ್ಕಳ ಶಾಲೆ ತೆರೆದು, ಮಾಸ್ತರರು ಸ್ಪ್ಯಾನಿಶ್ ಬಾಯಿಮಾತು ಕಲಿಸಲು ಹೆಣಗಿದರು, ಫಲ ಅಷ್ಟಕ್ಕಷ್ಟೆ. ಮಕ್ಕಳು ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ತಮ್ಮತಮ್ಮ ಮನೆಯ ಸನ್ನೆಗಳನ್ನು ಕೂಡಿಸಿ ಕೆಲವೇ ವರ್ಷಗಳಲ್ಲಿ ಹೊಸದೊಂದು ಭಾಷೆಯನ್ನೇ ಮಾಡಿಕೊಂಡರು. ಆದರೆ ಅದಕ್ಕೆ ನೂರಾರು ಮಕ್ಕಳು ಒಂದೆಡೆ ಸೇರಬೇಕಾಯಿತು. ಅಂಕೋಲೆಯ ಒಂದು ಮನೆಯಲ್ಲಿ ಒಂಟಿಯಾಗಿರುವ ಕೂಸು ಯಾರ ಸಂಗಡ ಭಾಷೆ ಕಟ್ಟಬೇಕು?

ಆಪರೇಶನ್ನಿನ ವಿಷಯಕ್ಕೆ ಬರೋಣ. ಕಾಕ್ಲಿಯರ್ ಇಂಪ್ಲಾಂಟ್ ಎಂದು ಅದರ ಹೆಸರು. ಕಿವಿಯ ಒಳಗಿರುವ ಶಂಖದಂಥ ಭಾಗಕ್ಕೆ ತಂತಿ ಇಳಿಸುತ್ತಾರೆ. ಹೊರಗೆ ಕಿವಿಯ ಹಿಂದೆ ಒಂದು ಯಂತ್ರ ತೊಡಬೇಕು. ಚಿಕ್ಕಂದಿನಲ್ಲೇ ಮಾಡಿಸಿದರೆ ಹಲವು ಮಕ್ಕಳಿಗೆ ದೊಡ್ಡ ಉಪಕಾರವಾಗಿದೆ; ಇದನ್ನು ಮರೆಮಾಚುವುದು ಅನ್ಯಾಯ. ಹಲವು ಲಕ್ಷದ ಈ ಯಂತ್ರವನ್ನು ಕೇಂದ್ರದ ಎಡಿಪ್ ಯೋಜನೆಯಿಂದಲೂ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಿಂದಲೂ ಬಡ ಮಕ್ಕಳಿಗೆ ಪುಕ್ಕಟೆ ಕೊಡುವ ಏರ್ಪಾಡಿದೆ. ಅರ್ಹರಾದವರು ತಡಮಾಡದೆ ಅರ್ಜಿ ಹಾಕಬೇಕು. ಆದರೆ ಅಜ್ಜನಿಗೆ ಯಾರೋ ಹೇಳಿದಂತೆ ‘ಎಲ್ಲ ಸರಿಹೋಗುವುದಿಲ್ಲ’. ಆಪರೇಶನ್ ಆದ ಮೇಲೆ ವರುಷಗಟ್ಟಲೆ ತರಬೇತಿ ಬೇಕು. ಒಂದು ಮಗುವಿಗೆ ಫಲಿಸಿದಷ್ಟು ಇನ್ನೊಂದಕ್ಕೆ ಫಲಿಸದು, ಇದನ್ನು ಮುಂದಾಗಿ ಯಾರೂ ಹೇಳಲಾರರು. ಯಂತ್ರ ತೆಗೆದಿಟ್ಟು ಮಲಗಿದರೆ, ಬ್ಯಾಟರಿ ಮುಗಿದರೆ, ಮಗು ಮತ್ತೆ ಕಿವುಡೇ. ಮೇಲಾಗಿ ನಮ್ಮದು ಕರಾವಳಿ. ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪುಗಾಳಿ, ಬೆವರು. ತೇವ ಈ ಯಂತ್ರಗಳ ಶತ್ರು. ದಿನ ರಾತ್ರಿ ಒಣಗಿಸುವ ಡಬ್ಬಿಯಲ್ಲಿ ಇಡಬೇಕು. ಯಂತ್ರ ಪುಕ್ಕಟೆ ಬಂದರೂ ತಂತಿ, ಬ್ಯಾಟರಿ, ರಿಪೇರಿಗಳ ಬಿಲ್ಲು ಬರುತ್ತಲೇ ಇರುತ್ತದೆ. ಕೆಟ್ಟರೆ ದೂರದ ಪಟ್ಟಣಕ್ಕೆ ಓಡಬೇಕು. ಆ ದಿನದ ಕೂಲಿ ಹೋಯಿತು.

ಇಲ್ಲಿಯೇ ‘ತಂದೆತಾಯಿಗಳು ದಾರಿ ಆರಿಸಿಕೊಳ್ಳಲಿ’ ಎಂಬ ಮಾತಿನ ಟೊಳ್ಳು ಬಯಲಾಗುತ್ತದೆ. ಆಯ್ಕೆ ಎನ್ನಬೇಕಾದರೆ ಮುಂದೆ ಎರಡು ತಟ್ಟೆಯಾದರೂ ಇರಬೇಕು. ಮೈಸೂರಿಗೆ ಹೋಗಿ ಮಗುವಿನ ಪಕ್ಕದಲ್ಲಿ ಕೂತು ಕಲಿಸಬೇಕೆಂದರೆ ತಾಯಿ ಕೋಣೆ ಬಾಡಿಗೆ ಹಿಡಿದು ವರ್ಷಗಟ್ಟಲೆ ಅಲ್ಲಿರಬೇಕು. ಅಂಗಡಿಯಲ್ಲಿ ಕೂಡುವವರು ಯಾರು, ಉಳಿದ ಮಕ್ಕಳಿಗೆ ಗಂಜಿ ಬೇಯಿಸುವವರು ಯಾರು? ಗಿರಣಿಯ ಪಗಾರದಲ್ಲಿ ಎರಡು ಸಂಸಾರ ನಡೆಯುವುದೆ? ಸನ್ನೆ ಭಾಷೆ ಕಲಿಯೋಣವೆಂದರೆ ಕಲಿಸುವವರು ಎಲ್ಲಿದ್ದಾರೆಂದು ಈ ತಾಯಿಗೆ ಎರಡು ವರ್ಷದಲ್ಲಿ ಯಾರೂ ಹೇಳಲಿಲ್ಲ. ಹಣವಿದ್ದವರು ಆರಿಸಿಕೊಳ್ಳುತ್ತಾರೆ, ಇಲ್ಲದವರು ಯಾವುದೂ ಸಿಗದ್ದನ್ನೇ ತಮ್ಮ ಆಯ್ಕೆಯೆಂದು ಹೊತ್ತುಕೊಳ್ಳುತ್ತಾರೆ, ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ನಮ್ಮ ಅಭಿಪ್ರಾಯವನ್ನು ಆ ದಂಪತಿಗಳಿಗೆ ಹೇಳಿದಂತೆಯೇ ಇಲ್ಲಿ ಬರೆಯುತ್ತೇವೆ. ಕೈ ಬಿಡಿಸಿ. ಇವತ್ತೇ ಬಿಡಿಸಿ. ಮಗುವಿನ ಮಿದುಳು ಭಾಷೆಗಾಗಿ ಬಾಯಿ ತೆರೆದು ಕಾಯುವುದು ಮೊದಲ ಐದು ವರ್ಷ; ಆ ಕಾಲದಲ್ಲಿ ಒಂದು ಪೂರಾ ಭಾಷೆ ಒಳಗಿಳಿಯಬೇಕು, ಅದು ಕಿವಿಯಿಂದಲೋ ಕಣ್ಣಿನಿಂದಲೋ ಎಂಬುದು ಎರಡನೆಯ ಮಾತು. ಯಂತ್ರಕ್ಕೆ ಅರ್ಜಿ ಹಾಕಿ, ಬಾಯಿಮಾತಿನ ತರಬೇತಿ ಸಿಕ್ಕಷ್ಟು ಕೊಡಿಸಿ, ಅದು ಫಲಿಸಿದರೆ ನಮಗೂ ಸಂತೋಷ. ಆದರೆ ಅದು ಫಲಿಸುವವರೆಗೆ ಕೂಸನ್ನು ಭಾಷೆಯಿಲ್ಲದೆ ಉಪವಾಸ ಕೆಡವಬೇಡಿ. ಸನ್ನೆ ಕಲಿತರೆ ಬಾಯಿ ಬರುವುದಿಲ್ಲ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಕಿವುಡ ತಂದೆತಾಯಿಗಳ ಮನೆಯಲ್ಲಿ ಹುಟ್ಟಿನಿಂದ ಸನ್ನೆ ಕಲಿತು ಆಮೇಲೆ ಇಂಪ್ಲಾಂಟ್ ಪಡೆದ ಮಕ್ಕಳು ಬಾಯಿಮಾತಿನಲ್ಲೂ ಹಿಂದೆ ಬಿದ್ದಿಲ್ಲವೆಂದು ಪರೀಕ್ಷಿಸಿ ನೋಡಿದವರಿದ್ದಾರೆ. ಕೊಂಕಣಿ ಆಡುವ ಮನೆಯ ಮಗು ಕನ್ನಡ ಕಲಿಯಲಾರದೆಂದು ಕಾರವಾರದಲ್ಲಿ ಯಾರಾದರೂ ಹೇಳಿದರೆ ನಾವು ನಗುವುದಿಲ್ಲವೆ?

ಸನ್ನೆ ಕಲಿಸುವುದೆಂದರೆ ಮಗುವಿಗಷ್ಟೇ ಕಲಿಸುವುದಲ್ಲ, ಮನೆಯವರೆಲ್ಲ ಕಲಿಯುವುದು. ಇದು ಸುಲಭವಲ್ಲ. ಗಿರಣಿಯ ಪಾಳಿ ಮುಗಿಸಿ ಬಂದ ತಂದೆಗೆ ಹೊಸ ಭಾಷೆ ಕಲಿ ಎನ್ನುವುದು ಸಣ್ಣ ಮಾತಲ್ಲವೆಂದು ನಮಗೆ ಗೊತ್ತು. ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರವೆಂಬುದು ದಿಲ್ಲಿಯಲ್ಲಿ 2015ರಲ್ಲಿ ಆರಂಭವಾಗಿದೆ. ಅದು 2018ರಲ್ಲಿ 3,000 ಶಬ್ದಗಳ ಕೋಶ ತಂದು, 2021ರ ಹೊತ್ತಿಗೆ ಅದನ್ನು 10,000ಕ್ಕೆ ಬೆಳೆಸಿತು. ಮೊಬೈಲಿನಲ್ಲೇ ನೋಡಿ ಕಲಿಯಬಹುದು. ಆದರೆ ಕೋಶ ನೋಡಿ ಯಾರೂ ಭಾಷೆ ಕಲಿತದ್ದಿಲ್ಲ, ಆಡುವವರು ಬೇಕು. ಆಡುವವರು ಯಾರು? ನಮ್ಮ ಊರಿನ ವಯಸ್ಕ ಕಿವುಡರೇ. ಅವರನ್ನು ನಾವು ದಾರಿಯಲ್ಲಿ ಕಂಡು ದಾಟಿಹೋಗುತ್ತೇವೆ. ಅವರು ಮಾಸ್ತರರಾಗಬಲ್ಲರೆಂಬುದು ಹೊಳೆಯುವುದೇ ಇಲ್ಲ.

ಸರಕಾರದ ಪಾಲಿನದನ್ನೂ ಹೇಳಿಬಿಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಿವುಡು ಮಗುವಿಗೆ ತಕ್ಕ ಭಾಷೆಯಲ್ಲಿ ಶಿಕ್ಷಣ ಕೊಡಬೇಕು, ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ತಯಾರಿಸಿ ನೇಮಿಸಬೇಕು ಎಂದು ಬರೆದಿದೆ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದಾಗ ಈ ಊರಲ್ಲಿ ಸಂತೋಷಪಟ್ಟವರು ಬಹಳ. ಸನ್ನೆ ಭಾಷೆ ಆ ಪಟ್ಟಿಯ ಹೊರಗೇ ನಿಂತಿದೆ. ಅದು ಹೋಗಲಿ, ತಾಲೂಕಿಗೊಬ್ಬ ಶಿಕ್ಷಕನನ್ನು ಕೇಳೋಣ. ಹೆರಿಗೆಯಾದ ಪ್ರತಿ ಕೂಸಿನ ಕಿವಿಯನ್ನು ಮನೆಗೆ ಕಳಿಸುವ ಮೊದಲೇ ಪರೀಕ್ಷಿಸಬೇಕೆಂದು ಕೇಳೋಣ. ಕೆಲವೇ ನಿಮಿಷದ ಪರೀಕ್ಷೆ ಅದು, ಕೂಸು ಮಲಗಿದ್ದಾಗಲೇ ಮಾಡಬಹುದು. ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಾಯ ಆಗಬೇಕೆಂಬುದು ತಜ್ಞರ ಲೆಕ್ಕ. ಅಂಕೋಲೆಯ ಈ ಮಗುವಿನ ಕಿವಿ ಕೇಳದೆಂದು ಗೊತ್ತಾದದ್ದು ಹದಿನೆಂಟನೆಯ ತಿಂಗಳಲ್ಲಿ, ಅದೂ ದೀಪಾವಳಿಯ ಪಟಾಕಿಗೆ ಕೂಸು ಬೆಚ್ಚಲಿಲ್ಲವೆಂದು ಅಜ್ಜಿ ಅನುಮಾನಪಟ್ಟ ಮೇಲೆ. ದಿನಕರ ದೇಸಾಯರು 1953ರಲ್ಲಿ ಅಂಕೋಲೆಯಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗೆ ಹೈಸ್ಕೂಲು ಒಯ್ದ ಜಿಲ್ಲೆ ಇದು. ರೈತಕೂಲಿಯವರ ಮಕ್ಕಳಿಗೆ ಹೈಸ್ಕೂಲು ಏತಕ್ಕೆಂದು ಕೇಳಿದವರು ಆಗಲೂ ಇದ್ದರು.

ಆ ಕುಟುಂಬದ ಸುದ್ದಿ ಓದುಗರಿಗೆ ಬೇಕಾಗಬಹುದು. ಕಾರವಾರದ ಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುವ ಕಿವುಡ ಗೃಹಸ್ಥರೊಬ್ಬರು ನಮಗೆ ಪರಿಚಿತರು. ಕಾಗದದ ಮೇಲೆ ಬರೆದು ಕೇಳಿದೆವು, ಒಪ್ಪಿದರು. ಈಗ ಆದಿತ್ಯವಾರಕ್ಕೊಮ್ಮೆ ಬಸ್ಸು ಹತ್ತಿ ಅಂಕೋಲೆಗೆ ಹೋಗುತ್ತಾರೆ. ಬಸ್ ಚಾರ್ಜು ಅಜ್ಜನದು. ಕಳೆದ ವಾರ ನಾವೂ ಹೋಗಿದ್ದೆವು. ತಾಯಿ ಎಂಬ ಸನ್ನೆಯನ್ನು ಹುಡುಗಿ ಮೊದಲನೆಯ ದಿನವೇ ಹಿಡಿದಿದ್ದಾಳೆ. ಈಗ ಅಡಿಗೆಮನೆಯ ಬಾಗಿಲಲ್ಲಿ ನಿಂತು ದಿನಕ್ಕೆ ಐವತ್ತು ಸಲ ಕರೆಯುತ್ತಾಳಂತೆ, ಕೆಲಸ ಮಾಡಗೊಡುವುದಿಲ್ಲವೆಂದು ತಾಯಿ ದೂರಿದರು. ಅಜ್ಜ ಉಪ್ಪು, ಬೆಲ್ಲ, ಅಕ್ಕಿ ಎಂಬ ಮೂರು ಸನ್ನೆ ಕಲಿತಿದ್ದಾರೆ. ಸಕ್ಕರೆಗೂ ಬೆಲ್ಲಕ್ಕೂ ಇನ್ನೂ ಗೊಂದಲ, ಮೊಮ್ಮಗಳು ತಿದ್ದುತ್ತಾಳೆ.

ನವಜಾತ ಕೂಸುಗಳ ಕಿವಿ ಪರೀಕ್ಷೆ ಹಾಗೂ ತಾಲೂಕಿಗೊಬ್ಬ ಸನ್ನೆ ಭಾಷಾ ಶಿಕ್ಷಕನ ಬಗ್ಗೆ ಜಿಲ್ಲಾ ಪಂಚಾಯತಿಗೆ ಬರೆದ ಅರ್ಜಿ ನಮ್ಮ ಕಾರವಾರದ ಕಛೇರಿಯಲ್ಲಿದೆ. ಸಹಿ ಮಾಡುವವರು ಪಾಳಿ ಮುಗಿದ ಮೇಲೆ ಸಂಜೆ ಆರರಿಂದ ಎಂಟರೊಳಗೆ ಬರಬೇಕು. ಮನೆಯಲ್ಲಿ ಇಂಥ ಮಗು ಇದ್ದವರು ಮಗುವನ್ನೂ ಕರೆತನ್ನಿ; ಹೊಲಿಗೆಯವರು ಬುಧವಾರ ಇಲ್ಲಿಯೇ ಇರುತ್ತಾರೆ.